‘ಫ್ಯಾನ್ ಹಚ್ಚು’ ಅಂದರೆ ಯಂತ್ರ ಏನು ಮಾಡಬೇಕು?

ಗದಗಿನ ಚಿತ್ರಕಲಾ ಶಿಕ್ಷಕರಿಗೆ ನಮಸ್ಕಾರ. ಮಕ್ಕಳನ್ನು ಕಟ್ಟಿಕೊಂಡು ಮೂರು ನಿಮಿಷದ ನಗೆ ಅನಿಮೇಷನ್ ಮಾಡಲು ಹೊರಟಿದ್ದೀರಿ. ಲೈಟು, ಫ್ಯಾನು, ಬಾಗಿಲು ಎಲ್ಲ ಬಾಯಿಮಾತಿಗೆ ನಡೆಯುವ ಮನೆ. ಕರೆಂಟ್ ಹೋಗುತ್ತಲೇ ಮನೆಮಂದಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕೊನೆಗೆ ಅಜ್ಜಿ ಬುದ್ಧಿ ಹೇಳುತ್ತಾಳೆ. ಕಥೆ ಕೇಳಿದವರು ಯಾರೂ ನಗಲಿಲ್ಲ, ಎಲ್ಲಿ ತಪ್ಪಿತು, ಎಷ್ಟು ಚಿತ್ರ ಬಿಡಿಸಬೇಕು ಎಂದು ಕೇಳಿದ್ದೀರಿ.

ತಪ್ಪಿದ್ದು ಬಾಗಿಲ ಹತ್ತಿರ. ಸ್ಮಾರ್ಟ್ ಲಾಕ್ ಸಾಮಾನ್ಯವಾಗಿ ನಡೆಯುವುದು ಮನೆಯ ಕರೆಂಟಿನ ಮೇಲಲ್ಲ, ತನ್ನೊಳಗಿನ ನಾಲ್ಕು ಪೆನ್ಸಿಲ್ ಸೆಲ್ ಮೇಲೆ. ಒಳಗಿದ್ದವರು ಕೈಯಿಂದ ಹಿಡಿಕೆ ತಿರುವಿದರೆ ತೆರೆಯುತ್ತದೆ. ಫಜೀತಿ ಆಗುವುದು ಹೊರಗೆ ನಿಂತವರಿಗೆ. ಸೆಲ್ ಇಳಿಯುತ್ತ ಬಂದಾಗ ಲಾಕ್ ದಿನಗಟ್ಟಲೆ ಪೀಂಪೀಂ ಅನ್ನುತ್ತದೆ. ಎಲ್ಲರೂ ‘ಅದೇನ್ ಸಪ್ಪಳಾ ಅದು?’ ಎಂದು ಕೇಳಿ ಸುಮ್ಮನಾಗಲಿ. ಒಂದು ಸಂಜೆ ಎಲ್ಲರೂ ಹೊರಗೆ, ಸೆಲ್ ಪೂರ್ತಿ ಖಾಲಿ, ಚಾವಿ ಒಳಗಿನ ಮೊಳೆಗೆ ತೂಗುತ್ತಿದೆ. ಅನೇಕ ಲಾಕ್‌ಗಳ ಕೆಳಅಂಚಿನಲ್ಲಿ ಎರಡು ಲೋಹದ ಚುಕ್ಕೆ ಇರುತ್ತವೆ. 9 ವೋಲ್ಟಿನ ಚೌಕ ಬ್ಯಾಟರಿ ತಾಗಿಸಿ ಹಿಡಿದರೆ ಲಾಕಿಗೆ ಜೀವ ಬರುತ್ತದೆ. ಜೀವ ಬಂದರೂ ಗುರುತು ಕೇಳುತ್ತದೆ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ಅಜ್ಜಿಯ ಹೆಬ್ಬೆರಳೇ ಗತಿ. ಜೋಳದ ಹಿಟ್ಟು ಮೆತ್ತಿದ ಬೆರಳನ್ನು ಲಾಕ್ ಒಲ್ಲೆ ಅನ್ನುತ್ತದೆ. ತೊಳೆದುಕೊಂಡು ಬಂದರೆ ಒದ್ದೆ ಬೆರಳನ್ನೂ ಒಲ್ಲೆ ಅನ್ನುತ್ತದೆ. ಸೆರಗಿಗೆ ಒರೆಸಿಕೊಂಡು ಮೂರನೇ ಸಲ ಇಡಲಿ. ಆಕೆಯ ಬಾಯಲ್ಲಿ ಬುದ್ಧಿಮಾತು ದಯವಿಟ್ಟು ಬೇಡ.

ಮಾತೂ ಬದಲಾಗಬೇಕು. ‘ದೀಪವನ್ನು ಬೆಳಗಿಸು’ ಎಂದು ಬರೆದಿದ್ದೀರಿ; ಗದಗಿನ ಯಾವ ಮನೆಯಲ್ಲಿ ಹಾಗೆ ಅನ್ನುತ್ತಾರೆ? ನಮ್ಮ ಕಡೆ ಲೈಟ್ ಹಚ್ಚುತ್ತೇವೆ, ಮುಲಾಮು ಹಚ್ಚುತ್ತೇವೆ, ಫೋನ್ ಹಚ್ಚುತ್ತೇವೆ, ಹುಡುಗನನ್ನು ಸಾಲೀಗೆ ಹಚ್ಚುತ್ತೇವೆ. ‘ಫ್ಯಾನ್ ಹಚ್ಚು’ ಅಂದದ್ದಕ್ಕೆ ಯಂತ್ರ ಬೀಗರಿಗೆ ಫೋನ್ ಹಚ್ಚಲಿ. ಹುಬ್ಬಳ್ಳಿಯಿಂದ ಹಾವೇರಿವರೆಗೆ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಇನ್ನು ಲೆಕ್ಕ. ತೆರೆಯ ಮೇಲೆ ಒಂದರ ಹಿಂದೊಂದು ಬರುವ ನಿಂತ ಚಿತ್ರಕ್ಕೆ ಫ್ರೇಮ್ ಅನ್ನುತ್ತಾರೆ; ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರ ಎರಡು ಫ್ರೇಮ್ ನಿಂತರೆ 12 ಚಿತ್ರ. ಮೂರು ನಿಮಿಷಕ್ಕೆ 2160 ಆಯಿತು, ಮಕ್ಕಳ ಕೈ ಸೋಲುತ್ತದೆ. 90 ಸೆಕೆಂಡಿಗೆ ಇಳಿಸಿದರೆ 1080. ಪಾತ್ರ ಅಲ್ಲಾಡದೆ ನಿಲ್ಲುವ ಕಡೆ ಒಂದೇ ಚಿತ್ರ ಸಾಕು, ಇನ್ನೂ ಇಳಿಯುತ್ತದೆ. ಮೊದಲು ಧ್ವನಿ ರೆಕಾರ್ಡ್ ಮಾಡಿ, ಅದಕ್ಕೆ ಸುಮಾರು 40 ಕಚ್ಚಾ ಚಿತ್ರ ಹೊಂದಿಸಿ ನಾಲ್ಕು ಮಂದಿಗೆ ತೋರಿಸಿ. ಅಲ್ಲಿ ಬಾರದ ನಗು ಬಣ್ಣ ತುಂಬಿದ ಮೇಲೂ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಅನಿಮೇಷನ್ ಮಾಡುವ ತಂತ್ರಾಂಶಗಳಾದ ಓಪನ್‌ಟೂನ್ಜ್, ಬ್ಲೆಂಡರ್ ಎರಡೂ ಪುಕ್ಕಟೆ ಸಿಗುತ್ತವೆ.

ನಗೆ ಕೆಡುವುದು ಹೆಚ್ಚಾಗಿ ಅವಸರಕ್ಕೆ. ಅಜ್ಜಿ ಬೆರಳು ಇಡುವ ಮೊದಲು ಕೈ ಹಿಂದೆ ಹೋಗಲು 8 ಫ್ರೇಮ್ ಕೊಡಿ, ಇಡಲು 4. ಆಮೇಲೆ ಪೂರ್ತಿ 24 ಫ್ರೇಮ್ ಯಾರೂ ಕದಲಬಾರದು. ಒಂದು ಸಲ ರೆಪ್ಪೆ ಬಡಿದರೆ ಸಾಕು. ಆಗ ಲಾಕ್ ‘ಟೊಂಯ್’ ಅನ್ನಲಿ.

ಕರೆಂಟ್ ಹೋಗುವುದನ್ನು ಕೈಬಿಡಬೇಡಿ, ಕೊನೆಗೆ ಇಡಿ. ಎಷ್ಟೋ ಸ್ಮಾರ್ಟ್ ಬಲ್ಬ್‌ಗಳು ಕರೆಂಟ್ ಮರಳಿದ ಕೂಡಲೇ ತಾವೇ ಹತ್ತಿಕೊಳ್ಳುತ್ತವೆ. ರಾತ್ರಿ 3ಕ್ಕೆ ಮನೆಯೆಲ್ಲ ಬೆಳಕು. ರೌಟರ್ ಇನ್ನೂ ಇಂಟರ್ನೆಟ್ ಹಿಡಿದಿಲ್ಲ, ಎಷ್ಟು ಒದರಿದರೂ ಯಂತ್ರಕ್ಕೆ ಕೇಳದು. ಅಜ್ಜಿ ಎದ್ದು ಗೋಡೆಯ ಬಟನ್ ಬಂದ್ ಮಾಡಿ ಮಲಗುತ್ತಾಳೆ. ಬಟನ್ ಬಂದಾದ ಬಲ್ಬಿಗೆ ಯಾವ ಆಜ್ಞೆಯೂ ಮುಟ್ಟುವುದಿಲ್ಲ. ಮರುದಿನ ನಸುಕಿನಲ್ಲಿ ಮಗ ‘ಲೈಟ್ ಹಚ್ಚು’ ಎಂದು ಒದರುತ್ತಲೇ ಇರಲಿ, ಬಟನ್ ಅವನ ಕಿವಿಯ ಪಕ್ಕದಲ್ಲೇ ಕಾಣುತ್ತಿರಲಿ. ಅಲ್ಲಿಗೇ ಕತ್ತರಿಸಿ.

ಕಚ್ಚಾ ಚಿತ್ರ ಕೂಡಿಸಿದ ಮೇಲೆ ನಮಗೂ ಕಳಿಸಿ, ಫ್ರೇಮ್ ಫ್ರೇಮ್ ನೋಡಿ ಬರೆಯುತ್ತೇವೆ.

– ಸಂ.