ಹೊಳೆಬದಿಯ ಜೌಗು ನಿಜವಾಗಿ ಹೋಯ್ತಾ, ಉಬ್ಬರದಲ್ಲಿ ಮುಳುಗಿತ್ತಾ?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಕೆಮ್ಮಣ್ಣು ಕಡೆ. ನಾನು ಚಿಕ್ಕವನಿದ್ದಾಗ ಹೊಳೆಬದಿಯಲ್ಲಿ ಉಪ್ಪುನೀರಿನ ಜೌಗು ತುಂಬಾ ಇತ್ತು. ಮೊನ್ನೆ 1990ರ ಒಂದು ಉಪಗ್ರಹ ಚಿತ್ರ, 2024ರ ಇನ್ನೊಂದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅರ್ಧಕ್ಕರ್ಧ ಮಾಯ! ಪಂಚಾಯತಿಗೆ ಅರ್ಜಿ ಕೊಡಬೇಕು ಅಂತಿದ್ದೇನೆ. ಇಷ್ಟು ಸಾಕ್ಷಿ ಸಾಕಲ್ವಾ?

ಉತ್ತರ: ಸಾಲದು. ಜೌಗು ಹೋಗಿಯೂ ಇರಬಹುದು, ಆದರೆ ಆ ಎರಡು ಚಿತ್ರ ನಂಬಿ ಹಾಗೆ ಹೇಳಲಿಕ್ಕಾಗುವುದಿಲ್ಲ. ಆ ಎರಡು ದಿನ ಚಿತ್ರ ತೆಗೆದ ಹೊತ್ತಿಗೆ ಹೊಳೆಯಲ್ಲಿ ಉಬ್ಬರ ಇತ್ತಾ, ಇಳಿತ ಇತ್ತಾ? ಅದನ್ನು ನೋಡಿದ್ದೀರಾ?

ಲ್ಯಾಂಡ್‌ಸ್ಯಾಟ್ ಉಪಗ್ರಹ 16 ದಿನಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ಬೆಳಗಿನ ಹೊತ್ತಿಗೆ ನಮ್ಮ ತಲೆ ಮೇಲೆ ಹಾದುಹೋಗುತ್ತದೆ. ಉಬ್ಬರ ಹಾಗಲ್ಲ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಹೊಳೆಬದಿ ನೆಲ ಚಪ್ಪಟೆ, ಹಾಗಾಗಿ ನೀರು ಒಂದಡಿ ಏರಿದರೂ ಸಾಕು, ಎಷ್ಟೋ ಮೀಟರ್ ಹಸಿರು ಮುಳುಗಿಬಿಡುತ್ತದೆ, ಚಿತ್ರದಲ್ಲಿ ಅದು ಬರೀ ನೀರು. ನಾನೇ ಒಮ್ಮೆ ಹೀಗೆ ಪೆಟ್ಟು ತಿಂದಿದ್ದೇನೆ. ಒಂದು ಕುದ್ರುವಿನ (ಹೊಳೆ ನಡುವಿನ ದ್ವೀಪದ) ಅಂಚಿನ ಜೌಗು 'ನಾಶವಾಗಿದೆ' ಅಂತ ನಕ್ಷೆಯಲ್ಲಿ ಕೆಂಪು ಬಳಿದೆ. ಆಮೇಲೆ ದೋಣಿಯಲ್ಲಿ ಹೋಗಿ ನೋಡಿದರೆ ಅದು ಇದ್ದಲ್ಲೇ ಇದೆ, ದೋಣಿಯವರು ನಗುತ್ತಿದ್ದಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರ-ಇಳಿತದ ಪಟ್ಟಿ ಪ್ರಕಟಿಸುತ್ತದೆ. ಚಿತ್ರದ ತಾರೀಕು, ಗಂಟೆ ಅದರ ಜೊತೆ ಹೊಂದಿಸಿ, ಇಳಿತದಲ್ಲಿ ತೆಗೆದವನ್ನು ಮಾತ್ರ ಆರಿಸಿಕೊಳ್ಳಿ.

ಇನ್ನೊಂದು ಲೆಕ್ಕ ಇದೆ. 1990ರ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕ ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ 22 ಸೆಂಟ್ಸ್ ಜಾಗ. ಅದರೊಳಗೆ ಸ್ವಲ್ಪ ನೀರು, ಸ್ವಲ್ಪ ಜೌಗು, ಯಾರದೋ ತೆಂಗಿನ ತೋಟದ ಮೂಲೆ ಎಲ್ಲ ಸೇರಿ ಒಂದೇ ಬಣ್ಣ ಆಗಿರುತ್ತದೆ. ಸೆಂಟಿನೆಲ್-2 ಅನ್ನುವ ಉಪಗ್ರಹ ಬಂದದ್ದು 2015ರಲ್ಲಿ, ಅದರ ಚೌಕ 10 ಮೀಟರ್, ಅಂದರೆ ಎರಡೂವರೆ ಸೆಂಟ್ಸ್. ಹಳೇದು ದಪ್ಪ ಕುಂಚದ್ದು, ಹೊಸದು ಚೂಪು ಪೆನ್ಸಿಲಿನದ್ದು. ಎರಡನ್ನೂ ಹಾಗೇ ಹೋಲಿಸಿದರೆ ವ್ಯತ್ಯಾಸ ಕಾಣದೇ ಇರುತ್ತದಾ? 100 ಮೀಟರ್ ಉದ್ದಗಲದ ಒಂದು ಹೆಕ್ಟೇರ್ ಜೌಗು ಇದೆ ಅಂದುಕೊಳ್ಳಿ. ಗೆರೆ ಎಳೆಯುವಾಗ ನಾಲ್ಕೂ ಕಡೆ ಅರ್ಧರ್ಧ ಚೌಕ, ಅಂದರೆ 15 ಮೀಟರ್, ಒಳಗೆ ಬಂದಿರೋ, 70ಕ್ಕೆ 70, ಉಳಿಯುವುದು 4,900 ಚದರ ಮೀಟರ್. ನೀವು ಹೇಳಿದ 'ಅರ್ಧಕ್ಕರ್ಧ ಮಾಯ' ಇಲ್ಲೇ ಆಗಿಹೋಯಿತು, ನೆಲದಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡಲಿಲ್ಲ! ನಮ್ಮಲ್ಲಿ ಉಬ್ಬರ-ಇಳಿತದ ಅಂತರ ಗುಜರಾತಿನ ಖಂಭಾತ್ ಕೊಲ್ಲಿಯಷ್ಟು ದೊಡ್ಡದಲ್ಲ. ಹಾಗಾಗಿ ಜೌಗು ಕಿರಿದಾದ ಪಟ್ಟಿ. ಕಿರಿದಾದಷ್ಟೂ ಈ ತಪ್ಪು ಜಾಸ್ತಿ.

ತಿಂಗಳೂ ಒಂದೇ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಬಿಟ್ಟರೆ ಬೇರೇನೂ ಸಿಗುವುದಿಲ್ಲ, ಬಿಡಿ. ಡಿಸೆಂಬರ್ ಚಿತ್ರದಲ್ಲಿ ಸುಗ್ಗಿ ಬೆಳೆಯ ಗದ್ದೆಯೂ ಜೌಗೂ ಒಂದೇ ಥರ ಹಸಿರು. ಏಪ್ರಿಲ್‌ಗೆ ಹೆಚ್ಚಿನ ಗದ್ದೆಗಳು ಒಣಗಿರುತ್ತವೆ, ಜೌಗಿನ ಗಿಡಗಳಿಗೆ ಉಪ್ಪುನೀರು ಸಿಗುತ್ತಲೇ ಇರುವುದರಿಂದ ಅವು ಹಸಿರಾಗೇ ಇರುತ್ತವೆ. ಮತ್ತೆ, ಎರಡೇ ವರ್ಷ ಅಲ್ಲ, ನಡುವಿನ ವರ್ಷಗಳನ್ನೂ ನೋಡಿ. 2008ರಿಂದ ಲ್ಯಾಂಡ್‌ಸ್ಯಾಟ್ ಸಂಗ್ರಹ ಪೂರ್ತಿ ಉಚಿತ, ಕಂಜೂಸುತನ ಯಾಕೆ? ಲ್ಯಾಂಡ್‌ಸ್ಯಾಟ್ 7ರ ಚಿತ್ರದಲ್ಲಿ 2003ರ ಮೇ ಕೊನೆಯಿಂದ ಕಪ್ಪು ಪಟ್ಟೆಗಳಿವೆ. ಅದು ಯಂತ್ರದ ತೊಂದರೆ, ನಿಮ್ಮ ಕಂಪ್ಯೂಟರಿನದ್ದಲ್ಲ. ಜೌಗು ಕಡಿಮೆಯಾದದ್ದು ವರ್ಷ ವರ್ಷವೂ ಒಂದೇ ದಿಕ್ಕಿಗೆ ಕಂಡರೆ ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಕಂಡರೆ ಅದು ಉಬ್ಬರದ್ದೇ ಆಟ ಇರಬಹುದು.

ಪ್ರಶ್ನೆ: ಕುಂದಾಪುರದ ಹತ್ತಿರ ನಮ್ಮ ಹೊಳೆಬದಿಯಲ್ಲಿ ಹಸಿರು ಮೊದಲಿಗಿಂತ ಜಾಸ್ತಿ ಕಾಣುತ್ತದೆ. ಹಾಗಾದರೆ ಜೌಗು ಬೆಳೆದಿದೆ ಅಂತಲೇ ಅಲ್ವಾ?

ಉತ್ತರ: ಅದು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಇರಬಹುದು. ಉಪ್ಪು ಜೌಗಿನಲ್ಲಿ ಇರುವುದು ಹುಲ್ಲು ಮತ್ತು ನೆಲಕ್ಕೆ ಹಬ್ಬುವ ಸಣ್ಣ ಗಿಡಗಳು. ಸೆಸುವಿಯಂ ನೋಡಿರುತ್ತೀರಿ, ದಪ್ಪ ಎಲೆ, ಕೆಂಪು ಕಾಂಡ, ಗುಲಾಬಿ ಹೂ. ಕಾಂಡ್ಲಾ ಮರ. ಜೌಗು ಇದ್ದಲ್ಲಿ ಕಾಂಡ್ಲಾ ತಾನಾಗಿ ಹಬ್ಬಿದರೂ, ಯಾರಾದರೂ ನೆಟ್ಟರೂ, ಉಪಗ್ರಹಕ್ಕೆ ಹಸಿರು ಹೆಚ್ಚಾದಂತೆ ಕಾಣುತ್ತದೆ, ಆದರೆ ಜೌಗು ಕಡಿಮೆಯಾಗಿರುತ್ತದೆ. ಕಿಂಡಿ ಅಣೆಕಟ್ಟು ಕಟ್ಟಿ ಉಪ್ಪುನೀರು ತಡೆದ ಮೇಲಿನ ಭಾಗದಲ್ಲೂ ಹಾಗೇ, ಸಿಹಿನೀರಿನ ಹುಲ್ಲು ಬಂದು ಹಸಿರು ಉಳಿದಿರುತ್ತದೆ. ಇದನ್ನು ಕುರ್ಚಿಯಲ್ಲಿ ಕೂತು ತಿಳಿಯಲಿಕ್ಕಾಗುವುದಿಲ್ಲ. ಇಳಿತದ ಹೊತ್ತಿಗೆ ಮೊಬೈಲ್ ಹಿಡಿದು ಹೋಗಿ, ಇಪ್ಪತ್ತು-ಮೂವತ್ತು ಕಡೆ ಜಿಪಿಎಸ್ ಗುರುತು ಹಾಕಿ, ಎಲ್ಲಿ ಏನು ಬೆಳೆದಿದೆ ಬರೆದುಕೊಳ್ಳಿ. ಮರುವಾಯಿ (ಚಿಪ್ಪು) ಹೆಕ್ಕುವವರ ಜೊತೆ ಮಾತಾಡಿ, ಯಾವ ವರ್ಷ ಎಲ್ಲಿ ಮಣ್ಣು ತುಂಬಿಸಿದರು, ಎಲ್ಲಿ ಸಿಗಡಿ ಕೆರೆ ತೋಡಿದರು ಅಂತ ಅವರು ಬೆರಳು ಮಾಡಿ ತೋರಿಸುತ್ತಾರೆ.

ಪ್ರಶ್ನೆ: ಜೌಗಿಗೆ ಮಣ್ಣು ತುಂಬಿಸಿದರೆ ಕೇಳಲಿಕ್ಕೆ ಕಾನೂನು ಏನಾದರೂ ಇದೆಯಾ?

ಉತ್ತರ: ಇದೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ, 2011ರದ್ದರಲ್ಲೂ 2019ರದ್ದರಲ್ಲೂ ಉಪ್ಪು ಜೌಗನ್ನು ಹೆಸರು ಹೇಳಿಯೇ ಅತಿಸೂಕ್ಷ್ಮ ಪ್ರದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ಅದಕ್ಕೇ ಗಡಿಗೆರೆ ಸರಿಯಾಗಿರಬೇಕು ಅಂತ ನಾನು ಇಷ್ಟು ಪಟ್ಟು ಹಿಡಿಯುವುದು. ನಿಮ್ಮೂರಿನ ಸಿಆರ್‌ಝಡ್ ನಕ್ಷೆ ತೆಗೆದು ನೋಡಿ, ಜೌಗು ಅದರಲ್ಲಿ ಇಲ್ಲದಿದ್ದರೆ ಸರ್ವೆ ನಂಬರ್, ಇಳಿತದ ಚಿತ್ರಗಳು, ಜಿಪಿಎಸ್ ಗುರುತು ಎಲ್ಲ ಸೇರಿಸಿ ಅರ್ಜಿ ಕೊಡಿ.