ಓದುಗರ ಪ್ರಶ್ನೆ, ನಮ್ಮ ಉತ್ತರ: ಆನ್‌ಲೈನ್‌ನಲ್ಲಿ ಮನೆ ಮಾರುವ ಮುನ್ನ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆಯವರು ಕಟ್ಟಿಸಿದ ಹಳೆಯ ಮನೆಯಿದೆ. 30×40 ನಿವೇಶನ, ನೆಲ ಅಂತಸ್ತು, ಮೇಲೊಂದು ಕೋಣೆ. ತಂದೆಯವರು ತೀರಿಕೊಂಡ ಮೇಲೆ ತಾಯಿ ಬೆಂಗಳೂರಿನಲ್ಲಿ ನನ್ನೊಂದಿಗಿದ್ದಾರೆ, ಮನೆಗೆ ಬೀಗ ಹಾಕಿದೆ. ಮನೆ ಮಾರಾಟದ ಜಾಲತಾಣವೊಂದರಲ್ಲಿ ನಾಲ್ಕೈದು ಫೋಟೊ ಹಾಕಿದ್ದೇವೆ. ವಿಚಾರಿಸುವವರು ಬಹಳ ಮಂದಿ, ಆದರೆ ಬಂದು ನೋಡಿದವರು ಮತ್ತೆ ಫೋನ್ ಮಾಡುವುದಿಲ್ಲ. ಇಡೀ ಮನೆಗೆ ಬಣ್ಣ ಹೊಡೆಸಿ ಮಾಡ್ಯುಲರ್ ಕಿಚನ್ ಹಾಕಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅಷ್ಟು ಖರ್ಚು ಮಾಡಬಹುದೇ?
— ಓದುಗರು, ಬೆಂಗಳೂರು

ಉತ್ತರ: ಮಾಡ್ಯುಲರ್ ಕಿಚನ್ ಬೇಡ. ಹಳೆಯ ಮನೆ ಕೊಳ್ಳುವವರಲ್ಲಿ ಹೆಚ್ಚಿನವರು ಅಡುಗೆಮನೆಯನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳುತ್ತಾರೆ, ಕೆಲವರು ಮನೆಯನ್ನೇ ಕೆಡವಿ ಕಟ್ಟುತ್ತಾರೆ. ನೀವು ಅಲ್ಲಿ ಹಾಕಿದ ಹಣವನ್ನು ಅವರು ಬೆಲೆಯಲ್ಲಿ ಸೇರಿಸಿಕೊಡುವುದಿಲ್ಲ. ಬಂದು ನೋಡಿದವರು ಸುಮ್ಮನಾಗುತ್ತಿದ್ದಾರೆಂದರೆ ಫೋಟೊದಲ್ಲಿ ಕಂಡದ್ದಕ್ಕೂ ಎದುರಿಗೆ ಕಂಡದ್ದಕ್ಕೂ ಎಲ್ಲೋ ಹೊಂದಾಣಿಕೆಯಾಗುತ್ತಿಲ್ಲ, ಅಥವಾ ಅವರು ಕೇಳಿದ ಕಾಗದಪತ್ರ ನಿಮ್ಮ ಕೈಯಲ್ಲಿ ಸಿದ್ಧವಿರಲಿಲ್ಲ ಎಂದೇ ನನ್ನ ಅನಿಸಿಕೆ. ದೂರದಲ್ಲಿ ಕುಳಿತು ಮನೆ ಹುಡುಕುವವರಿಗೆ ಅಲಂಕಾರಕ್ಕಿಂತ ಅನುಮಾನ ನಿವಾರಣೆ ಮುಖ್ಯ.

ಆದ್ದರಿಂದ ಕಾಗದದಿಂದಲೇ ಆರಂಭಿಸಿ. ಖಾತೆ, ಅಂದರೆ ಸ್ಥಳೀಯ ಸಂಸ್ಥೆಯಲ್ಲಿರುವ ಆಸ್ತಿಯ ದಾಖಲೆ, ಇನ್ನೂ ತಂದೆಯವರ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಸಲ್ಲಿಸಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ತಾಯಿಗೂ ಗಂಡು, ಹೆಣ್ಣು ಮಕ್ಕಳೆಲ್ಲರಿಗೂ ಸಮಪಾಲಿರುತ್ತದೆ, ಮಾರಾಟಕ್ಕೆ ಎಲ್ಲರ ಸಹಿಯೂ ಬೇಕು. ಈಗ ಇ-ಖಾತೆಯಿಲ್ಲದೆ, ಅಂದರೆ ಖಾತೆಯ ಡಿಜಿಟಲ್ ರೂಪವಿಲ್ಲದೆ, ನೋಂದಣಿ ಮುಂದುವರಿಯುವುದಿಲ್ಲ. ಇದಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಕೊಳ್ಳುವವರು ಸಿಕ್ಕಿದ ಮೇಲೆ ನೋಡೋಣ ಎಂದು ಮುಂದೂಡಬೇಡಿ. ಆಸ್ತಿಯ ಮೇಲಿನ ನೋಂದಾಯಿತ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, 2004ರ ಏಪ್ರಿಲ್‌ನಿಂದ ಈಚಿನ ಅವಧಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೇ ಹೋಗಬೇಕು. ಮನೆ ಕಟ್ಟುವಾಗ ಬ್ಯಾಂಕಿನ ಸಾಲ ಪಡೆದು ತೀರಿಸಿದ್ದರೆ ಇಸಿಯಲ್ಲಿ ಅಡಮಾನ ಹಾಗೆಯೇ ಉಳಿದಿರುವುದುಂಟು, ಅದರ ಬಿಡುಗಡೆ ಪತ್ರ ನೋಂದಣಿಯಾಗಿದೆಯೇ ನೋಡಿ. ಕ್ರಯಪತ್ರ, ಮಂಜೂರಾದ ನಕ್ಷೆ, ಈ ವರ್ಷದವರೆಗಿನ ಕಂದಾಯ ರಸೀದಿ, ವಿದ್ಯುತ್ ಮತ್ತು ನೀರಿನ ಬಿಲ್ಲು ಇವಿಷ್ಟೂ ಒಂದು ಫೈಲಿನಲ್ಲಿರಲಿ. ಮೇಲಿನ ಕೋಣೆ ಮಂಜೂರಾದ ನಕ್ಷೆಯಲ್ಲಿ ಇಲ್ಲದಿದ್ದರೆ ಆ ಮಾತನ್ನು ಮೊದಲೇ ತಿಳಿಸಿಬಿಡಿ. ಕೊಳ್ಳುವವರು ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಮತ್ತು ಮೌಲ್ಯಮಾಪಕರು ಅದನ್ನು ಕಂಡುಹಿಡಿಯುತ್ತಾರೆ, ಆಗ ವ್ಯಾಪಾರವೂ ಮುರಿಯುತ್ತದೆ, ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

ಇನ್ನು ಮನೆಯ ವಿಷಯ. ಬೀಗ ಹಾಕಿದ ಮನೆಯಲ್ಲಿ ಮೊದಲು ಕೆಡುವುದು ನೀರಿಗೆ ಸಂಬಂಧಿಸಿದ್ದು. ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಗೋಡೆಯನ್ನೂ ಸ್ನಾನದ ಮನೆಗೆ ಹೊಂದಿಕೊಂಡ ಗೋಡೆಯ ಹಿಂಬದಿಯನ್ನೂ ಹತ್ತಿರದಿಂದ ನೋಡಿ. ಬಣ್ಣ ಗುಳ್ಳೆಯೆದ್ದು, ಉಗುರಿನಿಂದ ಕೆರೆದರೆ ಬಿಳಿಯ ಉಪ್ಪಿನಂಥ ಪುಡಿ ಉದುರಿದರೆ ಒಳಗೆ ತೇವವಿದೆ ಎಂದೇ ಅರ್ಥ. ಅದರ ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಒಂದು ಮಳೆಗಾಲ ಕಳೆಯುವುದರೊಳಗೆ ಕಲೆ ಮತ್ತೆ ಏಳುತ್ತದೆ. ಮೊದಲು ಪೈಪಿನ ಸೋರಿಕೆ ನಿಲ್ಲಿಸಿ, ತಾರಸಿಯ ಬಿರುಕುಗಳಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಆ ಗೋಡೆಗಳಿಗಷ್ಟೇ ತಿಳಿ ಬಣ್ಣ ಹೊಡೆಸಿ. ಹಣ ಹಾಕುವುದಿದ್ದರೆ ಇಲ್ಲಿ ಹಾಕಿ. ಸಂಪು ತೊಳೆಸಿ, ಮೋಟಾರು ಓಡಿಸಿ, ಪ್ರತಿಯೊಂದು ನಲ್ಲಿ, ಸ್ವಿಚ್ಚು, ಚಿಲಕವನ್ನು ಪರೀಕ್ಷಿಸಿ. ಮನೆಯಲ್ಲಿ ರೆಡ್ ಆಕ್ಸೈಡ್ ನೆಲವಿದ್ದರೆ ಮೇಲೆ ಟೈಲ್ಸ್ ಹಾಕಿಸಲು ಹೋಗಬೇಡಿ, ಚೆನ್ನಾಗಿ ತೊಳೆಸಿ ಉಜ್ಜಿಸಿ, ಅದನ್ನು ಇಷ್ಟಪಟ್ಟು ಹುಡುಕುವವರಿದ್ದಾರೆ.

ಫೋಟೊ ತೆಗೆಯುವ ಹಿಂದಿನ ದಿನ ಹಳೆಯ ಕ್ಯಾಲೆಂಡರು, ಬಟ್ಟೆ ಒಣಹಾಕುವ ಹಗ್ಗ, ಗ್ಯಾಸ್ ಸಿಲಿಂಡರು, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳನ್ನು ತೆಗೆಸಿ. ಗೋಡೆಯ ಮೇಲಿನ ತಂದೆಯವರ ಭಾವಚಿತ್ರವನ್ನೂ ಮನೆಯವರ ಫೋಟೊಗಳನ್ನೂ ಜೋಪಾನವಾಗಿ ಇಳಿಸಿಡಿ, ಅವು ಅಪರಿಚಿತರ ಮೊಬೈಲಿಗೆ ಹೋಗಬೇಕಾದವಲ್ಲ. ಬೆಳಗಿನ ಬೆಳಕಿನಲ್ಲಿ ಕಿಟಕಿಗಳನ್ನೆಲ್ಲ ತೆರೆದು, ಮೊಬೈಲಿನ ಲೆನ್ಸ್ ಒರೆಸಿ, ಫೋನನ್ನು ಅಡ್ಡಲಾಗಿ ಎದೆಯ ಮಟ್ಟದಲ್ಲಿ ಹಿಡಿದು, ಕೋಣೆಯ ಮೂಲೆಯಲ್ಲಿ ನಿಂತು ತೆಗೆಯಿರಿ. ವೈಡ್ ಆ್ಯಂಗಲ್‌ನಲ್ಲಿ ತೆಗೆದರೆ ಚಿಕ್ಕ ಕೋಣೆಯೂ ಸಭಾಂಗಣದಂತೆ ಕಾಣುತ್ತದೆ, ಬಂದು ನೋಡಿದವರು ನಿರಾಶರಾಗುವುದು ಅಲ್ಲಿಯೇ. ರಸ್ತೆ, ಗೇಟು, ನಡುಮನೆ, ಅಡುಗೆಮನೆ, ಕೋಣೆಗಳು, ಬಚ್ಚಲು, ತಾರಸಿ, ಹೀಗೆ ಮನೆಯೊಳಗೆ ನಡೆದು ಹೋಗುವ ಕ್ರಮದಲ್ಲೇ ಫೋಟೊಗಳಿರಲಿ. ಗೇಟಿನಿಂದ ತಾರಸಿಯವರೆಗೆ ಸಂಗೀತ ಸೇರಿಸದ ಒಂದೇ ವಿಡಿಯೊ ಮಾಡಿ, ನಡುವೆ ನಲ್ಲಿ ತಿರುಗಿಸಿ ನೀರಿನ ರಭಸವನ್ನೂ ತೋರಿಸಿ. ಟೇಪು ಹಿಡಿದು ಪ್ರತಿ ಕೋಣೆಯ ಒಳ ಅಳತೆ ಬರೆದ ಕೈನಕ್ಷೆಯ ಚಿತ್ರವೂ ಇದ್ದರೆ ದುಬೈನಲ್ಲಿರುವವರೂ ತಮ್ಮ ಮಂಚ, ಬೀರು ಎಲ್ಲಿ ಹಿಡಿಸುತ್ತವೆಂದು ಲೆಕ್ಕಹಾಕಬಲ್ಲರು.

ವಿವರಣೆಯಲ್ಲಿ ‘ಅದ್ಭುತ ಮನೆ’ ಎಂದು ಬರೆಯುವ ಬದಲು ಬಾಗಿಲಿನ ದಿಕ್ಕು, ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಕಟ್ಟಿದ ವರ್ಷ, ರಸ್ತೆಯ ಅಗಲ, ಬೋರ್‌ವೆಲ್ ಇದೆಯೇ, ಕಾರು ನಿಲ್ಲಿಸಲು ಜಾಗವಿದೆಯೇ ಎಂಬುದನ್ನು ಬರೆಯಿರಿ. ನಮ್ಮಲ್ಲಿ ಬಹಳ ಜನ ದಿಕ್ಕು ನೋಡಿಯೇ ಮುಂದಿನ ಮಾತು ಎತ್ತುತ್ತಾರೆ, ಅದನ್ನು ದಿಕ್ಸೂಚಿ ಹಿಡಿದು ಖಚಿತಪಡಿಸಿಕೊಂಡು ಹಾಕಿ. ಬೆಲೆ ನಿರ್ಧರಿಸುವಾಗ ಜಾಲತಾಣದಲ್ಲಿ ಕಾಣುವುದು ಮಾರುವವರು ಕೇಳುತ್ತಿರುವ ಬೆಲೆಯೇ ಹೊರತು ಮಾರಾಟವಾದ ಬೆಲೆಯಲ್ಲ ಎಂಬುದು ನೆನಪಿರಲಿ, ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಮಾರಿದವರನ್ನು ವಿಚಾರಿಸಿ.

ಪ್ರಶ್ನೆ: ಮಾರಬೇಕಾದ ಮನೆಯಲ್ಲಿ ಅಮೆರಿಕದಲ್ಲಿರುವ ನನ್ನ ತಮ್ಮನಿಗೂ ಪಾಲಿದೆ. ನೋಂದಣಿಗೆ ಅವನು ಬರಲೇಬೇಕೇ?
— ಓದುಗರು, ಹಾಸನ

ಉತ್ತರ: ಬರಲೇಬೇಕೆಂದಿಲ್ಲ. ಈ ಮನೆಯ ಮಾರಾಟಕ್ಕೆಂದೇ ಸ್ಪಷ್ಟವಾಗಿ ಬರೆದ ಅಧಿಕಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿ) ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣ ಮಾಡಿಸಿ ಕಳುಹಿಸಬಹುದು. ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಹೆಚ್ಚಿನವರು ಎಡವುವುದು ತೆರಿಗೆಯಲ್ಲಿ. ಬೆಲೆ 50 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಭಾರತದಲ್ಲಿ ವಾಸವಿರುವ ಮಾರಾಟಗಾರರಿಗೆ ಕೊಡುವ ಹಣದಲ್ಲಿ ಕೊಳ್ಳುವವರು ಶೇ 1ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿಯುತ್ತಾರೆ. ಅನಿವಾಸಿಯ ಪಾಲಿಗೆ ಈ ನಿಯಮವಾಗಲಿ ಈ ಮಿತಿಯಾಗಲಿ ಅನ್ವಯಿಸುವುದಿಲ್ಲ, ಅಲ್ಲಿ ಕಡಿತ ಬಹಳ ಹೆಚ್ಚು. ಕಡಿಮೆ ಕಡಿತಕ್ಕಾಗಿ ನಿಮ್ಮ ತಮ್ಮ ಆದಾಯ ತೆರಿಗೆ ಇಲಾಖೆಯಿಂದ ಮುಂಚಿತವಾಗಿ ಪ್ರಮಾಣಪತ್ರ ಪಡೆಯಬಹುದು, ಲೆಕ್ಕಪರಿಶೋಧಕರನ್ನು ಈಗಲೇ ಕಾಣಿ.

ಪ್ರಶ್ನೆ: ಜಾಹೀರಾತು ಹಾಕಿದ ಮರುದಿನವೇ ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡವರೊಬ್ಬರು ಮನೆಯನ್ನೂ ನೋಡದೆ ಮುಂಗಡ ಕಳುಹಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುತ್ತಿದ್ದಾರೆ. ನಂಬಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ಬೇಡ. ಹಣ ಪಡೆಯುವುದಕ್ಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಯುಪಿಐ ಪಿನ್ ಒತ್ತುವುದೂ ಬೇಕಿಲ್ಲ, ಅವೆರಡೂ ಹಣ ಕಳುಹಿಸುವುದಕ್ಕೆ ಮಾತ್ರ. ಸೈನಿಕರ ಹೆಸರು ಹೇಳಿ ನಂಬಿಸುವುದು ಈ ವಂಚಕರ ಹಳೆಯ ದಾರಿ. ಕ್ರಯಪತ್ರ, ಆಧಾರ್, ಪ್ಯಾನ್‌ಗಳ ಫೋಟೊಗಳನ್ನು ಜಾಲತಾಣಕ್ಕೆ ಹಾಕಬೇಡಿ. ಮನೆ ನೋಡಿ ಮಾತು ಮುಂದುವರಿಸಿದವರಿಗೆ ಮಾತ್ರ, ‘ಪರಿಶೀಲನೆಗಾಗಿ’ ಎಂದು ಅಡ್ಡಲಾಗಿ ಬರೆದ ಪ್ರತಿ ಕೊಡಿ. ಮುಂಗಡವನ್ನು ಕರಾರುಪತ್ರ ಬರೆದ ಮೇಲೆ ಬ್ಯಾಂಕಿನ ಮೂಲಕವೇ ಪಡೆಯಿರಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಈಗಾಗಲೇ ಹಣ ಕಳೆದುಕೊಂಡಿದ್ದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.