ಕ್ಯಾಂಟನ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಯುರೋಪಿನವರು ಹೆಂಡತಿ ಮಕ್ಕಳನ್ನು ಮಕಾವ್‌ನಲ್ಲಿ ಬಿಡುತ್ತಿದ್ದುದೇಕೆ?

ಚೀನಾ ಸರ್ಕಾರ ಬೇರೆ ದಾರಿ ಬಿಟ್ಟಿರಲಿಲ್ಲ, ಅಷ್ಟೇ. 1757ರಿಂದ 1842ರವರೆಗೆ ಅವರ ಹಡಗುಗಳಿಗೆ ತೆರೆದಿದ್ದ ಮುಖ್ಯ ಬಂದರು ಕ್ಯಾಂಟನ್, ಅಂದರೆ ಈಗಿನ ಗುವಾಂಗ್‌ಝೌ. ಅಲ್ಲೂ ಊರೊಳಗೆ ಕಾಲಿಡುವಂತಿರಲಿಲ್ಲ. ಕೋಟೆಗೋಡೆಯ ಹೊರಗೆ, ನದಿ ದಡದ ‘ಹದಿಮೂರು ಫ್ಯಾಕ್ಟರಿ’ಗಳಲ್ಲೇ ಇರಬೇಕು. ಹೆಸರಿಗೆ ಫ್ಯಾಕ್ಟರಿ, ತಯಾರಾಗುತ್ತಿದ್ದದ್ದು ಏನೂ ಇಲ್ಲ: ಕೆಳಗೆ ಗೋದಾಮು, ಮೇಲೆ ವಾಸ. ಹೆಂಗಸರನ್ನು ಕರೆತರುವ ಹಾಗಿಲ್ಲ. ವ್ಯಾಪಾರದ ಕಾಲ ಮುಗಿದರೆ ಗಂಡಸರೂ ಜಾಗ ಖಾಲಿ ಮಾಡಬೇಕು.

ಸಂಸಾರ ಹೂಡಿದವನು ಅಲ್ಲೇ ಬೇರು ಬಿಡುತ್ತಾನೆ, ಅಲ್ವಾ? ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ಅಧಿಕಾರಿಗಳಿಗೆ ಬೇಕಿದ್ದದ್ದು ಬೆಳ್ಳಿ ತಂದು ಚಹಾ ಒಯ್ಯುವವರು, ನೆಲೆಸುವವರಲ್ಲ. ಗಾಳಿಯೂ ಇದಕ್ಕೆ ಹೊಂದುತ್ತಿತ್ತು: ನೈರುತ್ಯ ಮಾರುತದಲ್ಲಿ ಬಂದ ಹಡಗು ಚಳಿಗಾಲದ ಈಶಾನ್ಯ ಗಾಳಿ ಹಿಡಿದು ಹೊರಡುತ್ತಿತ್ತು. ಹೊರಡದೆ ಉಳಿದವರಿಗೆ ಮಕಾವ್. 1557ರಿಂದಲೇ ಪೋರ್ಚುಗೀಸರು ನೆಲೆಸಿದ್ದ ಅಲ್ಲಿ ಮನೆ ಬಾಡಿಗೆಗೆ ಸಿಗುತ್ತಿತ್ತು, ಚರ್ಚೂ ಇತ್ತು.